ದೆವ್ವದ ಕಥೆ ಬರೆದ ಹುಡುಗಿ: ಮೇರಿ ಶೆಲ್ಲಿ



ಮುಂದಿನ ತಿಂಗಳ ಗೋಡೆ ಪತ್ರಿಕೆಗೆ ನಮ್ಮ ಕಥೆ ಗುಂಪಿನವರು ದೆವ್ವದ ಕಥೆಗಳನ್ನು ಬರೆಯಬೇಕೆಂದು ಮಾತಾಡಿಕೊಂಡಿದ್ದೇವೆ. ಇದು ಬೇಡ ಅಂತ ಕೆಲವರು ಹೇಳಿದರು. ದೆವ್ವದ ಕಥೆಯಿಂದ ಮೂಢನಂಬಿಕೆ ಬೆಳೆಯುತ್ತದೆ, ಬುದ್ಧಿ ಬೆಳೆಯುವುದಿಲ್ಲ, ಅದರ ಬದಲು ಗಾದೆ ಮಾತು, ಒಗಟು, ಸಾಮಾನ್ಯ ಜ್ಞಾನ ಬರೆಯಿರಿ ಎಂಬುದು ಅವರ ಅಭಿಪ್ರಾಯ. ಹೆಣ್ಣು ಹುಡುಗಿಯರು ಇಂಥದ್ದೆಲ್ಲ ಬರೆಯಬಾರದು ಅಂತಲೂ ಒಬ್ಬರು ಅಂದರು. ದೊಡ್ಡವರಿಗೆ ಎದುರು ಮಾತಾಡುವುದು ಸರಿಯಲ್ಲ. ಆದ್ದರಿಂದ ನಾನು ಒಬ್ಬ ಲೇಖಕಿಯ ಜೀವನ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದಿ, ಆಮೇಲೆ ನೀವೇ ತೀರ್ಮಾನ ಮಾಡಿರಿ.

ಜನನ ಮತ್ತು ಬಾಲ್ಯ

ಮೇರಿ ಶೆಲ್ಲಿಯವರು 1797ನೇ ಇಸವಿ ಆಗಸ್ಟ್ 30ರಂದು ಇಂಗ್ಲೆಂಡಿನ ಲಂಡನ್ ನಗರದಲ್ಲಿ ಜನಿಸಿದರು. ತಂದೆಯ ಹೆಸರು ವಿಲಿಯಂ ಗಾಡ್ವಿನ್, ತಾಯಿಯ ಹೆಸರು ಮೇರಿ ವುಲ್ಸ್‌ಟನ್‌ಕ್ರಾಫ್ಟ್. ಇಬ್ಬರೂ ದೊಡ್ಡ ಬರಹಗಾರರು. ಹೆಂಗಸರಿಗೂ ಗಂಡಸರಷ್ಟೇ ವಿದ್ಯೆ ಕೊಡಬೇಕು ಎಂದು ವಾದಿಸಿ ತಾಯಿ 1792ರಲ್ಲಿ ಒಂದು ಪುಸ್ತಕ ಬರೆದಿದ್ದರು. ಆ ಪುಸ್ತಕ ಇಂದಿಗೂ ಪ್ರಸಿದ್ಧವಾಗಿದೆ. ಆದರೆ ಮಗಳಿಗೆ ತಾಯಿಯ ಮುಖ ನೋಡುವ ಭಾಗ್ಯ ಇರಲಿಲ್ಲ. ಹೆರಿಗೆಯಾಗಿ ಹನ್ನೊಂದೇ ದಿನಕ್ಕೆ, ಸೆಪ್ಟೆಂಬರ್ 10ರಂದು, ತಾಯಿ ಬಾಣಂತಿ ಜ್ವರದಿಂದ ತೀರಿಕೊಂಡರು. ಕೈ ತೊಳೆಯದೆ ಹೆರಿಗೆ ಮಾಡಿಸಿದರೆ ಈ ಜ್ವರ ಬರುತ್ತದೆ ಎಂಬುದು ಆಗಿನ ವೈದ್ಯರಿಗೂ ಗೊತ್ತಿರಲಿಲ್ಲ.

ಮೇರಿಗೆ ನಾಲ್ಕು ವರ್ಷವಾದಾಗ ತಂದೆ ಇನ್ನೊಂದು ಮದುವೆಯಾದರು. ಮಲತಾಯಿಗೂ ಮೇರಿಗೂ ಅಷ್ಟಾಗಿ ಸರಿ ಬರಲಿಲ್ಲ. ಹೀಗಾಗಿ ಮೇರಿ ತಾಯಿಯ ಸಮಾಧಿ ಇದ್ದ ಸ್ಮಶಾನಕ್ಕೆ ಪುಸ್ತಕ ತೆಗೆದುಕೊಂಡು ಹೋಗಿ ಅಲ್ಲೇ ಕೂತು ಓದುತ್ತಿದ್ದರು. ನಾವಾದರೆ ಸಾಯಂಕಾಲ ಸ್ಮಶಾನದ ಹಾದಿ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಬರ್ತೀವಿ. ಅವರಿಗೆ ಮಾತ್ರ ಅದು ಭಯದ ಜಾಗವಲ್ಲ, ತಾಯಿ ಇರುವ ಜಾಗ.

ವಿದ್ಯಾಭ್ಯಾಸ

ನಮ್ಮ ಹಾಗೆ ದಿನವೂ ಶಾಲೆಗೆ ಹೋಗಿ ಕಲಿಯುವ ಅವಕಾಶ ಮೇರಿಯವರಿಗೆ ಹೆಚ್ಚಾಗಿ ಸಿಗಲಿಲ್ಲ. ಆದರೆ ಮನೆ ತುಂಬ ಪುಸ್ತಕಗಳಿದ್ದವು. ತಂದೆ ಮತ್ತು ಮಲತಾಯಿ ಸೇರಿ ಮಕ್ಕಳ ಪುಸ್ತಕದ ಅಂಗಡಿಯನ್ನೂ ನಡೆಸುತ್ತಿದ್ದರು. ಕೋಲ್‌ರಿಜ್ ಎಂಬ ಹೆಸರಾಂತ ಕವಿ ಮನೆಗೆ ಬಂದು ಸಮುದ್ರದ ಮೇಲೆ ನಡೆಯುವ ಭಯಂಕರ ಕಥನ ಕವನವೊಂದನ್ನು ಹೇಳಿದಾಗ ಚಿಕ್ಕ ಮೇರಿ ಅಡಗಿ ಕೂತು ಕೇಳಿದರಂತೆ. ಚಿಕ್ಕಂದಿನಿಂದಲೇ ಅವರಿಗೆ ಕಥೆ ಗೀಚುವ ಹವ್ಯಾಸವಿತ್ತು.

ಹದಿನಾರನೇ ವಯಸ್ಸಿನಲ್ಲಿ ಮೇರಿ ಪರ್ಸಿ ಶೆಲ್ಲಿ ಎಂಬ ಕವಿಯ ಜೊತೆ 1814ರ ಜುಲೈನಲ್ಲಿ ಮನೆ ಬಿಟ್ಟು ಹೋದರು. ಆ ಕವಿಗೆ ಆಗಲೇ ಮದುವೆಯಾಗಿ ಮಗುವೂ ಇತ್ತು. ಇದು ಸರಿಯೆಂದು ನಾನು ಹೇಳುವುದಿಲ್ಲ. ತಂದೆ ಸಿಟ್ಟಿನಿಂದ ಮಾತು ಬಿಟ್ಟರು, ಊರ ಜನರೂ ದೂರ ಇಟ್ಟರು. 1815ರಲ್ಲಿ ಮೇರಿಯವರಿಗೆ ಒಂದು ಹೆಣ್ಣು ಮಗು ಹುಟ್ಟಿತು. ದಿನ ತುಂಬುವ ಮೊದಲೇ ಹುಟ್ಟಿದ ಆ ಮಗು ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಬೆಂಕಿಯ ಮುಂದೆ ಮೈ ಉಜ್ಜಿದ ಮೇಲೆ ಮಗು ಮತ್ತೆ ಬದುಕಿತು ಎಂದು ಒಂದು ರಾತ್ರಿ ಕನಸು ಬಿತ್ತು. ಎಚ್ಚರವಾದಾಗ ಮಗು ಇರಲಿಲ್ಲ. ಇದನ್ನು ಅವರು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಸ್ನೇಹಿತರೇ, ಈ ಕನಸನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೇಸಿಗೆ ಬಾರದ ವರ್ಷ

1815ರ ಏಪ್ರಿಲ್‌ನಲ್ಲಿ ಈಗಿನ ಇಂಡೋನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಎಂಬ ಜ್ವಾಲಾಮುಖಿ ಸಿಡಿಯಿತು. ಅದರಿಂದ ಮೇಲೆ ಹೋದ ಧೂಳು ಮತ್ತು ಅನಿಲ ಆಕಾಶದಲ್ಲಿ ಹರಡಿ ಬಿಸಿಲಿಗೆ ಅಡ್ಡವಾಯಿತು. ಮರುವರ್ಷ 1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬರೀ ಚಳಿ, ಮಳೆ. ಬೆಳೆ ಕೊಳೆತು ಬಡವರು ಊಟಕ್ಕಿಲ್ಲದೆ ಒದ್ದಾಡಿದರು. ಎಲ್ಲೋ ಸಿಡಿದ ಬೆಂಕಿಗೆ ಇನ್ನೆಲ್ಲೋ ಬೆಳೆ ಹಾಳು!

ಅದೇ ವರ್ಷ ಮೇರಿ ಮತ್ತು ಶೆಲ್ಲಿ ಸ್ವಿಟ್ಜರ್‌ಲೆಂಡ್ ದೇಶದ ಜಿನೀವಾ ಸರೋವರದ ದಂಡೆಗೆ ಹೋಗಿದ್ದರು. ಜೊತೆಗೆ ಮಲತಾಯಿಯ ಮಗಳು ಕ್ಲೇರ್ ಇದ್ದಳು. ಹತ್ತಿರದ ದೊಡ್ಡ ಬಂಗಲೆಯಲ್ಲಿ ಲಾರ್ಡ್ ಬೈರನ್ ಎಂಬ ಪ್ರಖ್ಯಾತ ಕವಿಯೂ ಅವರ ವೈದ್ಯ ಪಾಲಿಡೋರಿಯೂ ಇದ್ದರು. ಹೊರಗೆ ಹೋಗೋಕೆ ಮಳೆ ಬಿಡ್ತಿರಲಿಲ್ಲ. ರಾತ್ರಿ ಎಲ್ಲರೂ ಬೆಂಕಿ ಕಾಯಿಸುತ್ತ ದೆವ್ವದ ಕಥೆಗಳ ಪುಸ್ತಕ ಓದುತ್ತಿದ್ದರು. ನಮ್ಮ ಅಜ್ಜಿಯರು ಕರೆಂಟ್ ಹೋದಾಗ ಕೊಳ್ಳಿದೆವ್ವದ ಕಥೆ ಹೇಳ್ತಾರಲ್ಲ, ಹಾಗೆ. ಆಗ ಬೈರನ್, ನಾವೂ ಒಬ್ಬೊಬ್ಬರು ಒಂದೊಂದು ದೆವ್ವದ ಕಥೆ ಬರೆಯೋಣ ಎಂದು ಸೂಚಿಸಿದರು.

ಇವರ ವಯಸ್ಸು ನೋಡಿರಿ. ಬೈರನ್‌ಗೆ 28, ಶೆಲ್ಲಿಗೆ 23, ಪಾಲಿಡೋರಿಗೆ 20, ಮೇರಿಗೆ ಕೇವಲ 18. ಕಾಲೇಜು ಹುಡುಗರ ಕಥೆ ಗುಂಪಿನ ಹಾಗೆಯೇ ಇತ್ತು. ಇಬ್ಬರು ದೊಡ್ಡ ಕವಿಗಳೂ ಸ್ವಲ್ಪ ಬರೆದು ಕೈಬಿಟ್ಟರು. ಬೈರನ್ ಅರ್ಧಕ್ಕೆ ಬಿಟ್ಟ ಕಥೆಯ ಎಳೆ ಹಿಡಿದು ಪಾಲಿಡೋರಿ ರಕ್ತ ಹೀರುವ ಭೂತದ ಕಥೆ ಬರೆದರು. ಅದು 1819ರಲ್ಲಿ ತಪ್ಪಾಗಿ ಬೈರನ್ ಹೆಸರಿನಲ್ಲೇ ಪ್ರಕಟವಾಯಿತು.

ಮೇರಿಯವರಿಗೆ ಮಾತ್ರ ಎಷ್ಟು ದಿನವಾದರೂ ಏನೂ ಹೊಳೆಯಲಿಲ್ಲ. ಬೆಳಗಾದರೆ ಕಥೆ ಸಿಕ್ಕಿತಾ ಅಂತ ಎಲ್ಲರೂ ಕೇಳೋರು, ಇವರು ಇಲ್ಲ ಅನ್ನೋರು. ನಮ್ಮ ಗುಂಪಿನಲ್ಲೂ ಹೀಗೇ ಆಗುತ್ತೆ! ಒಂದು ರಾತ್ರಿ ಗೆಳೆಯರು ವಿಜ್ಞಾನದ ಮಾತಾಡುತ್ತಿದ್ದರು. ಇಟಲಿಯ ವಿಜ್ಞಾನಿ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ ಮುಟ್ಟಿಸಿದಾಗ ಅದು ಒದ್ದಾಡಿತ್ತು. ಅವರ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದ ಖೈದಿಯ ಹೆಣಕ್ಕೆ ವಿದ್ಯುತ್ ಹಾಯಿಸಿದ್ದರು. ಹಾಗಾದರೆ ಸತ್ತವರನ್ನು ಬದುಕಿಸಬಹುದೇ? ಆ ರಾತ್ರಿ ಮೇರಿಯವರಿಗೆ ನಿದ್ದೆ ಬರಲಿಲ್ಲ. ಒಬ್ಬ ವಿದ್ಯಾರ್ಥಿ ತಾನೇ ಜೋಡಿಸಿದ ದೇಹದ ಪಕ್ಕ ಮಂಡಿಯೂರಿದ್ದಾನೆ, ಆ ದೇಹ ಅಲುಗಾಡುತ್ತಿದೆ, ಹೀಗೆ ಕಣ್ಣ ಮುಂದೆ ಕಾಣಿಸಿತು. ಮರುದಿನವೇ ಬರೆಯಲು ಕೂತರು.

ಫ್ರಾಂಕೆನ್‌ಸ್ಟೈನ್ ಕಥೆ

ಅನೇಕರು ಫ್ರಾಂಕೆನ್‌ಸ್ಟೈನ್ ಎಂದರೆ ರಾಕ್ಷಸನ ಹೆಸರು ಅಂದುಕೊಂಡಿದ್ದಾರೆ. ಅಲ್ಲ. ಅದು ಅವನನ್ನು ಸೃಷ್ಟಿ ಮಾಡಿದ ವಿದ್ಯಾರ್ಥಿಯ ಹೆಸರು. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಸತ್ತ ದೇಹಗಳ ಭಾಗಗಳನ್ನು ತಂದು ಒಂದು ಜೀವಿಯನ್ನು ಮಾಡುತ್ತಾನೆ. ಅದು ಕಣ್ಣು ಬಿಟ್ಟ ತಕ್ಷಣ ಅದರ ರೂಪಕ್ಕೆ ಹೆದರಿ ಓಡಿಹೋಗುತ್ತಾನೆ. ಆ ಜೀವಿಗೆ ಒಂದು ಹೆಸರು ಸಹ ಇಡಲಿಲ್ಲ. ಅದು ಒಂದು ಬಡ ಕುಟುಂಬವನ್ನು ಗೋಡೆಯ ಸಂದಿಯಿಂದ ನೋಡುತ್ತ ಮಾತು ಕಲಿಯುತ್ತದೆ, ಓದು ಕಲಿಯುತ್ತದೆ, ಕದ್ದುಮುಚ್ಚಿ ಅವರಿಗೆ ಸೌದೆ ತಂದು ಹಾಕುತ್ತದೆ. ಎದುರಿಗೆ ಬಂದಾಗ ಅವರು ಹೊಡೆದು ಓಡಿಸುತ್ತಾರೆ. ಎಲ್ಲರೂ ಹೊಡೆದ ಮೇಲೆ ಅದು ಕ್ರೂರಿಯಾಗುತ್ತದೆ. ವಿಕ್ಟರ್‌ನ ತಮ್ಮನನ್ನು, ಗೆಳೆಯನನ್ನು, ಹೆಂಡತಿಯನ್ನು ಕೊಲ್ಲುತ್ತದೆ. ಕೊನೆಗೆ ಉತ್ತರ ಧ್ರುವದ ಹಿಮದವರೆಗೆ ಅದನ್ನು ಅಟ್ಟಿಸಿಕೊಂಡು ಹೋಗಿ ವಿಕ್ಟರ್ ಹಡಗಿನಲ್ಲಿ ಸಾಯುತ್ತಾನೆ.

ಇದರಲ್ಲಿ ಮಂತ್ರವಿಲ್ಲ, ಮಾಟವಿಲ್ಲ. ಮೂಢನಂಬಿಕೆ ಎಲ್ಲಿದೆ? ಹುಟ್ಟಿಸಿದವನು ಮಗುವನ್ನು ಬಿಟ್ಟು ಓಡಿದರೆ ಏನಾಗುತ್ತದೆ ಎಂಬುದೇ ಇಲ್ಲಿರುವ ಭಯ. ಈಗ ಆ ಸತ್ತ ಮಗುವಿನ ಕನಸನ್ನು ನೆನಪು ಮಾಡಿಕೊಳ್ಳಿ. ತಾಯಿಯನ್ನೂ ಮಗುವನ್ನೂ ಕಳೆದುಕೊಂಡವರು ಈ ಕಥೆ ಬರೆದರು. ಅದಕ್ಕೇ ರಾಕ್ಷಸನ ಬಗ್ಗೆ ಓದುವಾಗ ನನಗೆ ಹೆದರಿಕೆಗಿಂತ ಅಳು ಹೆಚ್ಚು ಬಂತು.

ಹೆಸರಿಲ್ಲದ ಪುಸ್ತಕ

ಶೆಲ್ಲಿಯ ಮೊದಲ ಹೆಂಡತಿ ತೀರಿಕೊಂಡ ಮೇಲೆ 1816ರ ಡಿಸೆಂಬರ್ 30ರಂದು ಮೇರಿ ಮತ್ತು ಶೆಲ್ಲಿ ಮದುವೆಯಾದರು. 1817ರಲ್ಲಿ ಪುಸ್ತಕ ಬರೆದು ಮುಗಿಯಿತು. ಇಬ್ಬರು ಪ್ರಕಾಶಕರು ಬೇಡವೆಂದರು. ಕೊನೆಗೆ 1818ರ ಜನವರಿ 1ರಂದು ಕೇವಲ 500 ಪ್ರತಿಗಳು ಹೊರಬಂದವು. ಅದರ ಮೇಲೆ ಲೇಖಕಿಯ ಹೆಸರೇ ಇರಲಿಲ್ಲ! ಮುನ್ನುಡಿ ಬರೆದವರು ಶೆಲ್ಲಿ. ಹೀಗಾಗಿ ಇದನ್ನೂ ಅವರೇ ಬರೆದಿರಬೇಕು ಎಂದು ಬಹಳ ಜನ ನಂಬಿದರು. ಮೇರಿಯವರ ಹೆಸರು ಪುಸ್ತಕದ ಮೇಲೆ ಬಂದದ್ದು 1823ರ ಎರಡನೇ ಮುದ್ರಣದಲ್ಲಿ. ಅವರ ಹಸ್ತಪ್ರತಿ ಇಂದಿಗೂ ಆಕ್ಸ್‌ಫರ್ಡ್‌ನ ಗ್ರಂಥಾಲಯದಲ್ಲಿದೆ. ಬರವಣಿಗೆ ಮೇರಿಯವರದು, ಅಲ್ಲಲ್ಲಿ ತಿದ್ದುಪಡಿ ಗಂಡನದು. ನಮ್ಮ ಕಾಪಿ ಪುಸ್ತಕವನ್ನು ಗುರುಗಳು ತಿದ್ದಿದರೆ ಪ್ರಬಂಧ ಗುರುಗಳದಾಗುತ್ತದೆಯೇ?

ಕಷ್ಟಗಳು ಮತ್ತು ಕೊನೆಯ ದಿನಗಳು

ಆಮೇಲೆ ಅವರ ಬಾಳಿನಲ್ಲಿ ಕಷ್ಟದ ಮೇಲೆ ಕಷ್ಟ. 1818ರಲ್ಲಿ ಮಗಳು ಕ್ಲಾರಾ ತೀರಿಕೊಂಡಳು, 1819ರಲ್ಲಿ ಮಗ ವಿಲಿಯಂ. ಅದೇ ವರ್ಷ ಹುಟ್ಟಿದ ಪರ್ಸಿ ಫ್ಲಾರೆನ್ಸ್ ಒಬ್ಬನೇ ಉಳಿದ. 1822ರ ಜುಲೈ 8ರಂದು ಇಟಲಿಯ ಸಮುದ್ರದಲ್ಲಿ ಬಿರುಗಾಳಿಗೆ ದೋಣಿ ಮುಳುಗಿ ಗಂಡ ತೀರಿಕೊಂಡರು. ಆಗ ಮೇರಿಯವರಿಗೆ 24 ವರ್ಷ.

ಮಾವ ಶ್ರೀಮಂತರು. ಮೊಮ್ಮಗನ ಖರ್ಚಿಗೆ ಸ್ವಲ್ಪ ಹಣ ಕೊಟ್ಟರು, ಆದರೆ ತಮ್ಮ ಮಗನ ಜೀವನ ಚರಿತ್ರೆ ಬರೆಯಬಾರದೆಂದು ಷರತ್ತು ಹಾಕಿದರು. ಮೇರಿ ಏನು ಮಾಡಿದರು ಗೊತ್ತಾ? 1839ರಲ್ಲಿ ಗಂಡನ ಕವಿತೆಗಳನ್ನು ಒಟ್ಟು ಸೇರಿಸಿ ಪ್ರಕಟಿಸಿದರು. ಕವಿತೆಗಳ ಟಿಪ್ಪಣಿಯಲ್ಲೇ ಅವರ ಜೀವನವನ್ನೆಲ್ಲ ಬರೆದುಬಿಟ್ಟರು! ಬರೆದೇ ಮಗನನ್ನು ಸಾಕಿದರು, ಓದಿಸಿದರು. ಒಂದು ಮಹಾಮಾರಿ ರೋಗದಿಂದ ಮನುಷ್ಯರೆಲ್ಲ ಸತ್ತು ಒಬ್ಬನೇ ಉಳಿಯುವ ಕಥೆಯನ್ನು 1826ರಲ್ಲೇ ಬರೆದಿದ್ದರು. ಕೊರೊನಾ ಕಾಲ ನೋಡಿದ ನಮಗೆ ಇದು ಆಶ್ಚರ್ಯವೇ ಸರಿ.

1851ರ ಫೆಬ್ರವರಿ 1ರಂದು, 53ನೇ ವಯಸ್ಸಿನಲ್ಲಿ, ಮೇರಿ ಶೆಲ್ಲಿಯವರು ಲಂಡನ್ನಿನಲ್ಲಿ ನಿಧನರಾದರು. ಬೋರ್ನ್‌ಮತ್ ಎಂಬ ಊರಿನಲ್ಲಿ ಅವರ ಸಮಾಧಿ ಇದೆ. ತಂದೆ ತಾಯಿಯ ಅವಶೇಷಗಳನ್ನೂ ಅಲ್ಲಿಗೇ ತಂದರು. ಹನ್ನೊಂದು ದಿನಕ್ಕೆ ಬಿಟ್ಟುಹೋದ ತಾಯಿಯ ಪಕ್ಕದಲ್ಲೇ ಮಗಳೂ ಮಲಗಿದ್ದಾರೆ.

ನಾವು ಕಲಿಯಬೇಕಾದದ್ದು

ಎಂದೋ ಒಂದು ಮಳೆಗಾಲದಂಥ ಬೇಸಿಗೆಯಲ್ಲಿ ಐದಾರು ಜನ ಗೆಳೆಯರು ಆಟಕ್ಕೆಂದು ಶುರು ಮಾಡಿದ ಬರವಣಿಗೆ ಅದು. ಅದರಿಂದ ಹುಟ್ಟಿದ ಪುಸ್ತಕವನ್ನು 200 ವರ್ಷದ ಮೇಲೂ ಜನ ಓದುತ್ತಿದ್ದಾರೆ. ನಾಟಕ ಮಾಡಿದ್ದಾರೆ, ಸಿನಿಮಾ ಮಾಡಿದ್ದಾರೆ. ಅದು ಹೆದರಿಸುತ್ತದೆ, ಯೋಚನೆಯನ್ನೂ ಹಚ್ಚುತ್ತದೆ. ದೆವ್ವದ ಕಥೆಯಲ್ಲಿ ವಿಜ್ಞಾನವೂ ಇರಬಹುದು, ದುಃಖವೂ ಇರಬಹುದು, ನೀತಿಯೂ ಇರಬಹುದು.

ಬಾಗಿಲ ಮೇಲೆ ನಾಳೆ ಬಾ ಅಂತ ಬರೆದು ದೆವ್ವವನ್ನು ವಾಪಸ್ ಕಳಿಸಿದ ಕಥೆಯನ್ನು ನಮ್ಮ ಕಡೆ ದೊಡ್ಡವರು ಈಗಲೂ ಹೇಳುತ್ತಾರೆ. ನಾವೂ ನಮ್ಮ ಕಥೆಗಳನ್ನು ನಾಳೆ ಬಾ ಅಂತ ವಾಪಸ್ ಕಳಿಸುವುದು ಬೇಡ. ಹುಣಸೆ ಮರದ ಬಗ್ಗೆಯಾಗಲಿ, ಪಾಳು ಬಾವಿಯ ಬಗ್ಗೆಯಾಗಲಿ ನಿಮಗೆ ತಿಳಿದ ಹಾಗೆ ಬರೆದು ಕೊಡಿ. ಹೊಳೆಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಮೇರಿಯವರಿಗೂ ಮೊದಲು ಹೊಳೆದಿರಲಿಲ್ಲ. ಹುಡುಗಿಯರೇ, ನೀವೂ ಬರೆಯಿರಿ. ಬರೆದ ಮೇಲೆ ಕೆಳಗೆ ನಿಮ್ಮ ಹೆಸರನ್ನು ದುಂಡಾಗಿ ಬರೆಯುವುದನ್ನು ಮರೆಯಬೇಡಿ.

ಗುರುಗಳು ಅಪ್ಪಣೆ ಕೊಟ್ಟರೆ ನಮ್ಮ ಗೋಡೆಯ ಮೇಲೂ ನಾಲ್ಕು ದೆವ್ವಗಳು ಬಂದು ಕೂರುತ್ತವೆ. ಇಷ್ಟು ಹೇಳಿ ನನ್ನ ಲೇಖನವನ್ನು ಮುಗಿಸುತ್ತೇನೆ.