ಕೋವಿಯ ಕಾಲದಲ್ಲಿ ಕಣ್ಣಿನ ಪಾಠ ಹೇಳಿದ ಸುಂಕದ ಸಾಹೇಬ

ಉತ್ತರ ಕನ್ನಡದ ಕಾಡನ್ನು ಜಗತ್ತಿಗೆ ಓದಿಸಿದ ‘ಇಹಾ’

ಕುಮಟಾದಿಂದ ಶಿರಸಿಯತ್ತ ಹೊರಟರೆ ದೇವಿಮನೆ ಘಟ್ಟಕ್ಕೆ ಮೊದಲು ಸಿಗುವ ಊರು ಕತಗಾಲ. ಇಲ್ಲಿಂದಾಚೆಗೆ ರಸ್ತೆಯ ಎರಡೂ ಬದಿಗೆ ಕಾಡು ದಟ್ಟವಾಗುತ್ತ ಹೋಗುತ್ತದೆ. ಬೆಳಗಿನ ಹೊತ್ತು ಈ ಇಳಿಜಾರುಗಳಲ್ಲಿ ಬೂದು ಕಾಡುಕೋಳಿಯ ಕೂಗು ಕೇಳುವುದು ಅಪರೂಪವೇನಲ್ಲ. ಇಂದು ಈ ಹಕ್ಕಿಯನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ. ಆದರೆ ನೂರಮೂವತ್ತು ವರ್ಷಗಳ ಹಿಂದೆ ಕಾಡುಕೋಳಿ, ಚಿಟ್ಟುಕೋಳಿ, ಗೌಜಲಹಕ್ಕಿ, ಲಾವಕ್ಕಿಗಳೆಂದರೆ ಆಳರಸರ ರಜಾದಿನಗಳ ಮೋಜಿನ ವಸ್ತುಗಳಾಗಿದ್ದವು. ಕೋವಿ, ತರಬೇತಿ ಪಡೆದ ನಾಯಿ ಮತ್ತು ಸಂಜೆಗೆ ಎಣಿಸಿ ಸಾಲಾಗಿ ಜೋಡಿಸಿದ ಸತ್ತ ಹಕ್ಕಿಗಳು, ಇವಿಷ್ಟಿದ್ದರೆ ಕಾಡಿನ ಪ್ರವಾಸ ಸಾರ್ಥಕವೆಂದು ತಿಳಿದಿದ್ದ ಕಾಲವದು.

ಅಂಥ ಕಾಲದಲ್ಲಿ ಇದೇ ಜಿಲ್ಲೆಯಲ್ಲಿ ಸುಂಕದ ಅಧಿಕಾರಿಯಾಗಿದ್ದು, ಕಾಡಿಗೆ ಹೋಗುವುದಕ್ಕೆ ಬೇರೊಂದು ಕಾರಣವೂ ಇರಬಹುದೆಂದು ಓದುಗರಿಗೆ ತೋರಿಸಿಕೊಟ್ಟವರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್. ಹೆಸರಿನ ಮೂರು ಮೊದಲಕ್ಷರಗಳನ್ನು ಕೂಡಿಸಿ ಅವರು ‘ಇಹಾ’ ಎಂಬ ಕಾವ್ಯನಾಮದಿಂದ ಬರೆದರು. ಇಂಗ್ಲಿಷ್ ಓದುವ ಭಾರತದಲ್ಲಿ ಆ ಹೆಸರು ಒಂದು ಕಾಲಕ್ಕೆ ಮನೆಮಾತಾಗಿತ್ತು.

ಸಾತಾರಾದಿಂದ ಸುಂಕದ ಕಟ್ಟೆಗೆ

ಏಟ್ಕೆನ್ ಹುಟ್ಟಿದ್ದು 1851ರ ಆಗಸ್ಟ್ 16ರಂದು, ಈಗಿನ ಮಹಾರಾಷ್ಟ್ರದ ಸಾತಾರಾದಲ್ಲಿ. ತಂದೆ ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಪಾದ್ರಿ. ಅಂದಿನ ಆಂಗ್ಲ ಕುಟುಂಬಗಳು ಮಕ್ಕಳನ್ನು ಎಳವೆಯಲ್ಲಿಯೇ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸುತ್ತಿದ್ದವು. ಆದರೆ ಏಟ್ಕೆನ್ ಅವರ ವಿದ್ಯಾಭ್ಯಾಸ ಭಾರತದಲ್ಲಿಯೇ, ತಂದೆಯ ಕೈಕೆಳಗೆ ನಡೆಯಿತು. ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದ ಅವರು 1870ರಿಂದ 1876ರವರೆಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಭಾಷೆ ಕಲಿಸಿದರು. 1876ರ ಏಪ್ರಿಲ್‌ನಲ್ಲಿ ಮುಂಬಯಿ ಸರಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು.

ಇಲಾಖೆಯ ಕೆಲಸ ಅವರನ್ನು ಕಚ್ಛದ ಸಣ್ಣ ರಣದ ಅಂಚಿನ ಖಾರಾಘೋಡಾ, ಮುಂಬಯಿ ಎದುರಿನ ಉರಣ, ರತ್ನಾಗಿರಿ, ಉತ್ತರ ಕನ್ನಡ ಮತ್ತು ಗೋವಾ ಗಡಿ ಎಂದು ಅಲೆದಾಡಿಸಿತು. ಉಪ್ಪಿನ ಆಗರಗಳಿರುವಲ್ಲಿ, ಗಡಿಯ ಕಟ್ಟೆಗಳಿರುವಲ್ಲಿ ಇಲಾಖೆಯ ಕಣ್ಣಿರುತ್ತಿತ್ತು. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಆಗರಗಳನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಬಡವನ ಗಂಜಿಯ ಉಪ್ಪಿಗೂ ತೆರಿಗೆ ಹಾಕಿದ್ದ ಆಡಳಿತದ ಅಂಗವೇ ಆ ಇಲಾಖೆ. ಅದೇ ಉಪ್ಪಿನ ಕಾನೂನನ್ನು ಅಂಕೋಲೆಯ ಜನ 1930ರಲ್ಲಿ ಬಹಿರಂಗವಾಗಿ ಮುರಿದರು. ಏಟ್ಕೆನ್ ಆ ಆಡಳಿತದ ನಿಷ್ಠಾವಂತ ನೌಕರರಾಗಿದ್ದರು ಎಂಬುದನ್ನು ಮರೆಯುವಂತಿಲ್ಲ.

ಖಾರಾಘೋಡಾದ ಧೂಳಿನ ನಡುವೆ ಅವರೊಳಗಿನ ಲೇಖಕ ಕಣ್ಣು ತೆರೆದ. ಬಂಗಲೆಯ ಜಂತಿಯ ಇಲಿ, ಗೋಡೆಯ ಹಲ್ಲಿ, ಅಂಗಳದ ಕಾಗೆ, ದೀಪಕ್ಕೆ ಮುತ್ತುವ ಹುಳು, ಇವುಗಳನ್ನೇ ಗಡಿಯಾಚೆಯ ಬುಡಕಟ್ಟುಗಳೆಂದು ನಗೆಯಾಡುತ್ತ ವರ್ಣಿಸಿದ ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್ 1883ರಲ್ಲಿ ಪ್ರಕಟವಾಯಿತು. ಹುಲಿ, ಆನೆಗಳ ಸಾಹಸಕಥೆಗಳಿಗೆ ಒಗ್ಗಿದ್ದ ಓದುಗರಿಗೆ ಇದು ಹೊಸ ರುಚಿಯಾಗಿತ್ತು.

ನಾಯಿ, ಕೋವಿ ಮತ್ತು ಹಕ್ಕಿ

ಏಟ್ಕೆನ್ ಬರೆದದ್ದರ ಬೆಲೆ ತಿಳಿಯಬೇಕಾದರೆ ಅವರ ಸುತ್ತಲಿನ ಬೇಟೆಯ ಲೋಕವನ್ನು ಸ್ವಲ್ಪ ನೋಡಬೇಕು. ದೊಡ್ಡ ಮೃಗಗಳ ಬೇಟೆ ಎಲ್ಲ ಅಧಿಕಾರಿಗಳ ಕೈಗೆಟುಕುವಂಥದ್ದಾಗಿರಲಿಲ್ಲ. ಹಕ್ಕಿಬೇಟೆಯಾದರೆ ಕಿರಿಯ ಅಧಿಕಾರಿಗೂ ಸಾಧ್ಯ. ಒಂದು ಜೋಡಿನಳಿಗೆಯ ಕೋವಿ, ಚರೆ ತುಂಬಿದ ತೋಟಾಗಳು ಮತ್ತು ಒಂದೆರಡು ಒಳ್ಳೆಯ ನಾಯಿಗಳಿದ್ದರೆ ಸಾಕು.

ಈ ನಾಯಿಗಳ ಕೆಲಸ ಕುತೂಹಲಕರವಾದದ್ದು. ಪಾಯಿಂಟರ್ ಜಾತಿಯ ನಾಯಿ ಗಾಳಿಗೆ ಮೂಗೊಡ್ಡಿ ಹುಲ್ಲುಗಾವಲನ್ನು ಅಡ್ಡಡ್ಡಲಾಗಿ ಸೋಸುತ್ತ ಓಡುತ್ತದೆ. ಅಡಗಿ ಕುಳಿತ ಹಕ್ಕಿಯ ವಾಸನೆ ತಾಕಿದ ಕ್ಷಣ ಬಾಲ ನೆಟ್ಟಗೆ ಮಾಡಿ, ಮುಂಗಾಲೊಂದನ್ನು ಎತ್ತಿ, ಕಲ್ಲಿನಂತೆ ನಿಂತುಬಿಡುತ್ತದೆ. ಮೂಗು ಯಾವ ದಿಕ್ಕಿಗಿದೆಯೋ ಹಕ್ಕಿ ಅಲ್ಲಿದೆ. ಸೆಟರ್ ಜಾತಿಯದು ಇದೇ ಕೆಲಸವನ್ನು ಮೈ ತಗ್ಗಿಸಿ ಮಾಡುತ್ತದೆ. ಬೇಟೆಗಾರ ಹತ್ತಿರ ಬಂದಾಗ ಹಕ್ಕಿ ಪುರ್ರೆಂದು ಮೇಲೇಳುತ್ತದೆ, ಕೋವಿ ಗುಡುಗುತ್ತದೆ. ಮುಂದಿನದು ರಿಟ್ರೀವರ್ ನಾಯಿಯ ಪಾಲು. ಹುಲ್ಲು, ಮುಳ್ಳು, ಕೆಸರು ಯಾವುದನ್ನೂ ಲೆಕ್ಕಿಸದೆ ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲಿನ ಗುರುತೂ ಆಗದಂತೆ ಮೆತ್ತಗೆ ಬಾಯಲ್ಲಿ ಹಿಡಿದು ಒಡೆಯನ ಕೈಗೆ ತಂದೊಪ್ಪಿಸುತ್ತದೆ. ಈ ನಾಯಿ ಇಲ್ಲದಿದ್ದರೆ ಗಾಯಗೊಂಡ ಹಕ್ಕಿಗಳೆಷ್ಟೋ ಪೊದೆಗಳಲ್ಲಿ ನರಳಿ ಸಾಯುತ್ತಿದ್ದವು.

ಗೌಜಲಹಕ್ಕಿ, ಲಾವಕ್ಕಿಗಳಿರುವ ಬಯಲುಸೀಮೆಯ ಹುಲ್ಲುಗಾವಲು, ಹೊಲಗಳಿಗೆ ಈ ವಿದ್ಯೆ ಹೊಂದುತ್ತದೆ. ಉತ್ತರ ಕನ್ನಡದ ಘಟ್ಟಗಳಲ್ಲಿ ಅದರ ಆಟ ನಡೆಯುವುದು ಕಷ್ಟ. ಬಿದಿರುಮೆಳೆ, ಬೆತ್ತ, ಮುಳ್ಳುಬಳ್ಳಿಗಳ ನಡುವೆ ಬೇಟೆಗಾರನಿಗೆ ನಾಯಿಯೇ ಕಾಣಿಸುವುದಿಲ್ಲ. ಮೇಲಾಗಿ ಕಾಡುಕೋಳಿ ಅಡಗಿ ಕೂರುವ ಹಕ್ಕಿಯಲ್ಲ. ಅಪಾಯದ ಸುಳಿವು ಸಿಕ್ಕೊಡನೆ ನೆಲದ ಮೇಲೆಯೇ ಓಡಿ ಮಾಯವಾಗುತ್ತದೆ. ಆದ್ದರಿಂದ ಇಲ್ಲಿ ಕಾಡು ಸೋವುವ ಹಳ್ಳಿಗರು ಮತ್ತು ಊರ ನಾಯಿಗಳೇ ಬೇಟೆಗೆ ಆಧಾರ. ಹಡಗಿನಲ್ಲಿ ಬಂದ ವಿಲಾಯಿತಿ ನಾಯಿಗಳನ್ನು ಸೆಕೆ, ಉಣ್ಣೆ, ಜ್ವರಗಳು ಕಾಡುತ್ತಿದ್ದವು. ಇವುಗಳಿಂದ ಪಾರಾದವು ಚಿರತೆಯ ಕಣ್ಣಿಗೆ ಬೀಳುವ ಭಯವಿತ್ತು.

ಈ ನಾಯಿಗಳನ್ನು ಮೀಯಿಸಿ, ಉಣ್ಣೆ ಕಿತ್ತು, ಹೊತ್ತಿಗೆ ಅನ್ನ ಹಾಕಿ ಸಾಕುತ್ತಿದ್ದುದು ಸಾಹೇಬರಲ್ಲ, ಅದಕ್ಕೆಂದೇ ನೇಮಿಸಿಕೊಂಡಿದ್ದ ಹುಡುಗರು. ಬಂಗಲೆಯ ಆಳುಕಾಳುಗಳನ್ನು ಕುರಿತ ಬಿಹೈಂಡ್ ದಿ ಬಂಗಲೋ ಎಂಬ 1889ರ ಪುಸ್ತಕದಲ್ಲಿ ಏಟ್ಕೆನ್ ಈ ನಾಯಿಹುಡುಗನಿಗೇ ಒಂದು ಅಧ್ಯಾಯ ಮೀಸಲಿಟ್ಟರು. ಆ ಪುಸ್ತಕದ ಹಾಸ್ಯದಲ್ಲಿ ಒಡೆಯನ ಠೀವಿ ಇದೆ. ಇಂದಿನ ಓದುಗನಿಗೆ ಅದು ಅಲ್ಲಲ್ಲಿ ಚುಚ್ಚದೆ ಇರದು. ಆದರೂ ಸಾಹೇಬರ ಶಿಕಾರಿಯ ಹಿಂದೆ ಬೆವರು ಸುರಿಸಿದವರು ಯಾರೆಂಬುದಕ್ಕೆ ಅದೊಂದು ಸಾಕ್ಷಿಯಾಗಿ ಉಳಿದಿದೆ.

ಎಂಟು ಮಂದಿಯ ಸಂಘ

1883ರ ಸೆಪ್ಟೆಂಬರ್ 15ರಂದು ಮುಂಬಯಿಯ ಬೈಕುಲ್ಲಾದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಎಂಟು ಮಂದಿ ಸೇರಿದರು. ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ ಅವರಲ್ಲಿದ್ದ ಇಬ್ಬರು ಭಾರತೀಯರು. ತಮ್ಮಲ್ಲಿರುವ ಮಾದರಿಗಳನ್ನು ತೋರಿಸಿ, ಕಂಡದ್ದನ್ನು ಹಂಚಿಕೊಳ್ಳುವ ಈ ಚಿಕ್ಕ ಕೂಟವೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಾಗಿ ಬೆಳೆಯಿತು. ಎಂಟು ಮಂದಿಯಲ್ಲಿ ಒಬ್ಬರಾದ ಏಟ್ಕೆನ್ ಅದರ ಮೊದಲ ಗೌರವ ಕಾರ್ಯದರ್ಶಿ. 1886ರ ಜನವರಿಯಲ್ಲಿ ಸಂಘದ ನಿಯತಕಾಲಿಕ ಆರಂಭವಾದಾಗ ಆರ್. ಎ. ಸ್ಟರ್ನ್‌ಡೇಲ್ ಅವರೊಂದಿಗೆ ಸಂಪಾದಕರಾದದ್ದೂ ಅವರೇ.

ಸಂಘಕ್ಕೆ ಸೇರಿದವರಲ್ಲಿ ಕೋವಿ ಹಿಡಿದವರೇನೂ ಕಡಿಮೆಯಿರಲಿಲ್ಲ. ಆ ಕಾಲದಲ್ಲಿ ಹಕ್ಕಿಯ ಅಧ್ಯಯನವೂ ಕೋವಿಯಿಂದಲೇ ಮೊದಲಾಗುತ್ತಿತ್ತು. ಕಾಂಗ್ರೆಸ್ ಸಂಸ್ಥಾಪಕರೆಂದು ನಾವು ಪಠ್ಯಪುಸ್ತಕಗಳಲ್ಲಿ ಓದುವ ಎ. ಓ. ಹ್ಯೂಮ್ ಬೇಟೆಯ ಹಕ್ಕಿಗಳ ಬಗ್ಗೆ ಮಾರ್ಷಲ್ ಅವರೊಡನೆ ಮೂರು ಸಂಪುಟಗಳ ಗ್ರಂಥ ರಚಿಸಿದವರು. ಸಾವಿರಾರು ಹಕ್ಕಿಗಳ ಚರ್ಮ ಕೂಡಿಹಾಕಿದ್ದ ಅವರು ಮುಂದೆ ಸಸ್ಯಾಹಾರಿಯಾಗಿ, ಮಾದರಿಗಾಗಿ ಹಕ್ಕಿ ಕೊಲ್ಲುವುದನ್ನೂ ಬಿಟ್ಟರು. 1885ರಲ್ಲಿ ತಮ್ಮ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಮಾಡಿದರು. ಕೋವಿಯಿಂದ ಕಣ್ಣಿನತ್ತ ಸರಿಯುವ ಮನಸ್ಸು ಅಲ್ಲೊಬ್ಬರಲ್ಲಿ ಇಲ್ಲೊಬ್ಬರಲ್ಲಿ ಮೊಳೆಯತೊಡಗಿದ್ದ ಕಾಲವದು.

ಉತ್ತರ ಕನ್ನಡದ ಕಾಡಿನಲ್ಲಿ

ಆ ಮನಸ್ಸಿಗೆ ನೆಲೆ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ. 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡಕ್ಕೆ ಕಾರವಾರವೇ ಕೇಂದ್ರ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಘಟ್ಟ, ಮೇಲೆ ಪೋರ್ಚುಗೀಸರ ಗೋವಾ ಗಡಿ. ಸುಂಕದ ಅಧಿಕಾರಿಗೆ ಕಾಡಿನ ಹಾದಿ ತುಳಿಯದೆ ವಿಧಿಯಿಲ್ಲ. ಏಟ್ಕೆನ್ ಈ ತಿರುಗಾಟವನ್ನೇ ಪಾಠಶಾಲೆ ಮಾಡಿಕೊಂಡರು.

ಇಲ್ಲಿ ಅವರಿಗೆ ತಕ್ಕ ಜೊತೆಗಾರರೂ ದೊರೆತರು. ಜಿಲ್ಲಾಧಿಕಾರಿಯಾಗಿದ್ದ ಜೆ. ಡೇವಿಡ್ಸನ್ ಹಕ್ಕಿಗಳಲ್ಲಿ ಪಳಗಿದವರು. 1898ರಲ್ಲಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದವರು ಇವರೇ. ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಮೂರನೆಯವರು. ಮುಂಬಯಿ ಪ್ರಾಂತದ ಚಿಟ್ಟೆಗಳ ಮರಿಹುಳು ಮತ್ತು ಕೋಶಗಳ ಕುರಿತು ಡೇವಿಡ್ಸನ್ ಹಾಗೂ ಏಟ್ಕೆನ್ ಬರೆದ ಲೇಖನ 1890ರಲ್ಲಿ ಸಂಘದ ನಿಯತಕಾಲಿಕದಲ್ಲಿ ಬಂತು. ಬಳಿಕ ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಕುರಿತ ವಿಸ್ತಾರವಾದ ಲೇಖನಮಾಲೆಯನ್ನು 1896ರಿಂದ ಪ್ರಕಟಿಸಿದರು. ಚಿಟ್ಟೆಯನ್ನು ಹಿಡಿದು ಸೂಜಿಗೆ ಚುಚ್ಚಿಡುವುದಷ್ಟೇ ಇವರ ಕೆಲಸವಾಗಿರಲಿಲ್ಲ. ಮರಿಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಹೇಗೆ ಕೋಶ ಕಟ್ಟುತ್ತದೆ, ಎಂತಹ ಚಿಟ್ಟೆಯಾಗಿ ಹೊರಬರುತ್ತದೆ ಎಂದು ಸಾಕಿ ನೋಡಿ ಬರೆದರು. ಗಿಡಕ್ಕೂ ಹುಳುವಿಗೂ ಇರುವ ನಂಟು ತಿಳಿಯಬೇಕಾದರೆ ಜೀವವನ್ನು ಬದುಕಲು ಬಿಡಬೇಕು. ಕೋವಿ ಕಲಿಸಲಾರದ ಪಾಠ ಇದು.

1894ರಲ್ಲಿ ಪ್ರಕಟವಾದ ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್ ಈ ಕಾಡುಗಳ ಕೊಡುಗೆ. ಸ್ಟರ್ನ್‌ಡೇಲ್ ಅದಕ್ಕೆ ಚಿತ್ರ ಬರೆದರು. ಹೊಂಚು ಹಾಕಿ ಅಲೆಯುವುದು ಎಂಬ ಬೇಟೆಯ ಮಾತನ್ನೇ ತಲೆಬರಹಕ್ಕೆ ತಂದ ಲೇಖಕರು ಅದರ ಗುರಿಯನ್ನು ಬದಲಿಸಿದರು. ಇಲ್ಲಿ ಹೊಂಚು ಹಾಕುವುದು ಕೊಲ್ಲಲಿಕ್ಕಲ್ಲ, ತಿಳಿಯಲಿಕ್ಕೆ. ಕೆಂಪಿರುವೆಗಳು ಎಲೆ ಹೆಣೆದು ಮನೆ ಕಟ್ಟುವ ಬಗೆಯಂಥ ಸಣ್ಣ ಸಂಗತಿಗಳೇ ಅವರಿಗೆ ದೊಡ್ಡ ಬೇಟೆಯಾದವು. 1900ರಲ್ಲಿ ಬಂದ ಮುಂಬಯಿಯ ಸಾಮಾನ್ಯ ಹಕ್ಕಿಗಳ ಪುಸ್ತಕ ಈ ಕಣ್ಣನ್ನು ಪಟ್ಟಣಿಗರಿಗೂ ಹಂಚಿತು.

ಗರಿಯ ವ್ಯಾಪಾರ

ಹಕ್ಕಿಗಳಿಗೆ ಕುತ್ತು ಬಂದದ್ದು ಸಾಹೇಬರ ಶಿಕಾರಿಯಿಂದ ಮಾತ್ರವಲ್ಲ. ಯುರೋಪಿನ ಹೆಂಗಸರ ಟೋಪಿಗಳಿಗಾಗಿ ಬೆಳ್ಳಕ್ಕಿ ಮುಂತಾದ ಹಕ್ಕಿಗಳ ಗರಿ ಭಾರತದಿಂದ ಹಡಗು ಹತ್ತುತ್ತಿತ್ತು. ನಮ್ಮ ಬೂದು ಕಾಡುಹುಂಜದ ಕತ್ತಿನ ಗರಿಗೆ ಇನ್ನೊಂದು ಬೇಡಿಕೆ. ತುದಿಯಲ್ಲಿ ಅರಗಿನ ಹನಿಯಂತೆ ಹೊಳೆಯುವ ಹಳದಿ ಚುಕ್ಕೆಯಿರುವ ಈ ಗರಿಯನ್ನು ಸಾಲ್ಮನ್ ಮೀನು ಹಿಡಿಯುವ ಗಾಳಕ್ಕೆ ಕೃತಕ ನೊಣ ಕಟ್ಟಲು ಬಳಸುತ್ತಿದ್ದರು. ಸ್ಕಾಟ್ಲೆಂಡಿನ ಹೊಳೆಯ ಮೀನಿಗಾಗಿ ಪಶ್ಚಿಮ ಘಟ್ಟದ ಹುಂಜದ ಕತ್ತು ಹೋಗುತ್ತಿತ್ತು.

1887ರ ಕಾಡುಹಕ್ಕಿಗಳ ರಕ್ಷಣಾ ಕಾಯ್ದೆ ಮುಖ್ಯವಾಗಿ ಪುರಸಭೆ, ದಂಡುಪ್ರದೇಶಗಳಲ್ಲಿ ಮರಿ ಮಾಡುವ ಕಾಲದ ಮಾರಾಟವನ್ನು ತಡೆಯುವಷ್ಟಕ್ಕೆ ಸೀಮಿತವಾಗಿತ್ತು. ಗರಿಯ ವ್ಯಾಪಾರಕ್ಕೆ ನಿಜವಾದ ಅಡ್ಡಿ ಬಂದದ್ದು 1902ರಲ್ಲಿ. ಕಾಡುಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ಭಾರತ ಸರಕಾರ ಕಡಲ ಸುಂಕದ ಕಾಯ್ದೆಯಡಿ ನಿಷೇಧಿಸಿತು. ಹೀಗೆ ಹಕ್ಕಿಯ ಪ್ರಾಣ ಸುಂಕದ ಕಟ್ಟೆಯ ಅಧಿಕಾರಿಗಳ ಕೈಗೆ ಬಂತು. ಮರುವರ್ಷ, 1903ರ ಮೇ ತಿಂಗಳಲ್ಲಿ ಏಟ್ಕೆನ್ ಕರಾಚಿಯಲ್ಲಿ ಸುಂಕ ಮತ್ತು ಉಪ್ಪಿನ ಆದಾಯದ ಮುಖ್ಯ ಅಧಿಕಾರಿಯಾದರು. ಹಕ್ಕಿಗಳನ್ನು ಕುರಿತು ಬರೆದ ಲೇಖಕ, ಹಕ್ಕಿಯ ಗರಿಯನ್ನು ತಡೆಯಬೇಕಾದ ಬಂದರಿನ ಅಧಿಕಾರಿಯೂ ಆದದ್ದು ವಿಧಿಯ ಚಮತ್ಕಾರವೇ ಸರಿ.

ಸೊಳ್ಳೆಗೂ ಅವರ ಹೆಸರು

ಕರಾಚಿಗೆ ಹೋಗುವ ಮುನ್ನ ಅವರು ಮತ್ತೊಮ್ಮೆ ಗೋವಾ ಗಡಿಗೆ ಬಂದಿದ್ದರು. ಸುಂಕದ ಠಾಣೆಗಳ ಸಿಬ್ಬಂದಿಯನ್ನು ಮಲೇರಿಯಾ ಹಣ್ಣು ಮಾಡುತ್ತಿತ್ತು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದು ಹೆಚ್ಚು ದಿನಗಳಾಗಿರಲಿಲ್ಲ. 1902ರಲ್ಲಿ ಈ ಠಾಣೆಗಳ ಮಲೇರಿಯಾ ತನಿಖೆಗೆ ಸರಕಾರ ಏಟ್ಕೆನ್ ಅವರನ್ನು ನಿಯೋಜಿಸಿತು. ಅವರು ಅಲ್ಲಿ ಕಂಡ ಹೊಸ ಜಾತಿಯ ಅನಾಫಿಲಿಸ್ ಸೊಳ್ಳೆಗೆ ಅನಾಫಿಲಿಸ್ ಏಟ್ಕೆನಿ ಎಂಬ ಹೆಸರು ಬಂತು. ಹುಲಿಯ ತಲೆ ಗೋಡೆಗೆ ತೂಗುಹಾಕಿದ ಎಷ್ಟೋ ಸಾಹೇಬರ ಹೆಸರು ಅಳಿದುಹೋಗಿದೆ. ಇವರ ಹೆಸರು ಒಂದು ಸೊಳ್ಳೆಯ ಬೆನ್ನೇರಿ ಉಳಿದಿದೆ.

ಸಿಂಧ್ ಪ್ರಾಂತದ ಗ್ಯಾಸೆಟಿಯರ್ ರಚನೆಯ ಹೊಣೆ ಹೊತ್ತ ಅವರು 1906ರಲ್ಲಿ ನಿವೃತ್ತರಾದರು. 1909ರ ಏಪ್ರಿಲ್ 11ರಂದು ಎಡಿನ್‌ಬರೊದಲ್ಲಿ ನಿಧನರಾದಾಗ ಅವರಿಗೆ 57 ವರ್ಷ. ಬಿಡಿ ಲೇಖನಗಳ ಸಂಕಲನವೊಂದು 1914ರಲ್ಲಿ ಹೊರಬಂತು. ಜೊತೆಗಾರ ಬೆಲ್ ಮಾತ್ರ ನಿವೃತ್ತಿಯ ನಂತರವೂ ಕಾರವಾರವನ್ನು ಬಿಡದೆ 1948ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ಉಳಿದ ಪಾಠ

ಕಾನೂನು ನಿಧಾನವಾಗಿ ಹೆಜ್ಜೆ ಹಾಕಿತು. 1912ರ ಕಾಯ್ದೆ, ಬಳಿಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದವು. 1972ರ ಕಾಯ್ದೆಯಲ್ಲೂ ಬೇಟೆಗೆ ಪರವಾನಗಿ ಕೊಡುವ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. 2011ರಲ್ಲಿ ಅಘನಾಶಿನಿ ಕೊಳ್ಳದ ಕಾಡು ಸಿಂಗಳೀಕಗಳ ಸಂರಕ್ಷಣಾ ಮೀಸಲಾಯಿತು. ಆದರೆ ಉರುಳು, ನಾಡಕೋವಿಗಳು ಮಲೆನಾಡಿನಿಂದ ಪೂರ್ತಿ ಮರೆಯಾಗಿವೆಯೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಕಾಯ್ದೆ ಕೈಯನ್ನು ಹಿಡಿದು ನಿಲ್ಲಿಸಬಲ್ಲದು, ಮನಸ್ಸನ್ನು ತಿರುಗಿಸಲಾರದು.

ಮನಸ್ಸು ತಿರುಗುವುದು ಹೇಗೆಂಬುದನ್ನು ಕನ್ನಡ ಓದುಗರು ಪೂರ್ಣಚಂದ್ರ ತೇಜಸ್ವಿಯವರಲ್ಲಿ ಕಂಡಿದ್ದಾರೆ. ಕಿವಿ ಎಂಬ ನಾಯಿಯೊಡನೆ ಮೂಡಿಗೆರೆಯ ಕಾಡು ಸುತ್ತಿದ ಅವರು ಮುಂದೆ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದು ಕುಳಿತರು. ಅದಕ್ಕೂ ಬಹಳ ಹಿಂದೆ, ಕೋವಿಯೇ ಗೌರವದ ಗುರುತಾಗಿದ್ದ ದಿನಗಳಲ್ಲಿ, ಉತ್ತರ ಕನ್ನಡದ ಹಾದಿಗಳಲ್ಲಿ ಅದೇ ಪಾಠವನ್ನು ನಗುನಗುತ್ತ ಹೇಳಿದವರು ಇಹಾ. ಅವರು ಸೇವೆ ಸಲ್ಲಿಸಿದ ಸಾಮ್ರಾಜ್ಯ ಅಳಿದಿದೆ, ಅವರು ಕಾಯ್ದ ಗೋವಾ ಗಡಿಯ ಸುಂಕದ ಕಟ್ಟೆಗಳೂ ಇಲ್ಲ. ಅವರು ಮತ್ತು ಅವರ ಗೆಳೆಯರು ಇಲ್ಲಿನ ಹುಳು, ಗಿಡ, ಹಕ್ಕಿಗಳ ಬಗ್ಗೆ ಬರೆದಿಟ್ಟ ಟಿಪ್ಪಣಿಗಳು ಮಾತ್ರ ಈ ಕಾಡು ಒಂದು ಕಾಲಕ್ಕೆ ಹೇಗಿತ್ತು ಎಂಬುದಕ್ಕೆ ಲೆಕ್ಕಪತ್ರಗಳಾಗಿ ನಮ್ಮ ಮುಂದಿವೆ. ಕತಗಾಲದ ಕಾಡಿನಲ್ಲಿ ಇಂದು ಏನು ಉಳಿದಿದೆ, ಏನು ಹೋಗಿದೆ ಎಂದು ತಾಳೆ ನೋಡುವ ಕೆಲಸ ನಮ್ಮದು.