ರಟ್ಟು ಕಟ್ಟುತ್ತಿದ್ದ ಹುಡುಗ: ಫ್ಯಾರಡೆಯ ಆ ಹತ್ತು ವರ್ಷ

ಹೋದ ಸೆಮಿಸ್ಟರ್ ಲ್ಯಾಬ್ ವೈವಾದಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಫ್ಯಾರಡೆ ನಿಯಮ. ಒಂದೇ ಉಸಿರಿಗೆ ಹೇಳಿಬಿಟ್ಟೆ. ಫಾರ್ಮುಲಾದಲ್ಲಿ ಮೈನಸ್ ಚಿಹ್ನೆ ಯಾಕಿದೆ ಅಂತಾನೂ ಹೇಳಿದೆ. ಆಮೇಲೆ ಪರೀಕ್ಷಕರು ಸುಮ್ಮನೆ, ಫ್ಯಾರಡೆ ಯಾವ ಕಾಲೇಜಲ್ಲಿ ಓದಿದ್ದು ಗೊತ್ತಾ ಅಂತ ಕೇಳಿದರು. ಕೇಂಬ್ರಿಡ್ಜ್ ಇರಬೇಕು ಸರ್ ಅಂದೆ. ಅವರು ನಕ್ಕು ಮುಂದಿನ ರೋಲ್ ನಂಬರ್ ಕರೆದರು.

ಹಾಸ್ಟೆಲಿಗೆ ಬಂದು ಹುಡುಕಿದರೆ, ಆ ಮನುಷ್ಯ ಯಾವ ಕಾಲೇಜಲ್ಲೂ ಓದಿರಲಿಲ್ಲ. ನನ್ನ ವಯಸ್ಸಲ್ಲಿ ಲಂಡನ್ನಿನ ಒಂದು ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ನಮಗೆಲ್ಲ ಗೊತ್ತಿರೋದು 1831ರ ಫ್ಯಾರಡೆ, ಅಂದರೆ ಪುಸ್ತಕದಲ್ಲಿ ಬರೋ ಫ್ಯಾರಡೆ. ನನ್ನನ್ನ ಹಿಡಿದು ಕೂರಿಸಿದ್ದು 1805ರಿಂದ 1815ರವರೆಗಿನ ಫ್ಯಾರಡೆ. ಹದಿನಾಲ್ಕನೇ ವಯಸ್ಸಿಂದ ಇಪ್ಪತ್ನಾಲ್ಕರವರೆಗೆ. ಈ ಲೇಖನ ಆ ಹತ್ತು ವರ್ಷದ್ದು. ದೊಡ್ಡವರನ್ನ ಏಕವಚನದಲ್ಲಿ ಕರೀಬಾರದು ಅಂತ ನಮ್ಮಜ್ಜಿ ಹೇಳ್ತಾರೆ. ಆದರೆ ಈ ಕಥೆಯಲ್ಲಿ ಅವನಿನ್ನೂ ದೊಡ್ಡವನಾಗಿಲ್ಲ, ನಮ್ಮ ನಿಮ್ಮ ವಯಸ್ಸಿನವನು. ಅದಕ್ಕೇ ಅವನು ಅಂತಲೇ ಬರೀತೀನಿ.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಆಗ ಲಂಡನ್ನಿನ ಹೊರಗಿದ್ದ ನ್ಯೂಯಿಂಗ್ಟನ್ ಬಟ್ಸ್ ಅನ್ನೋ ಜಾಗದಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಕೈಯಲ್ಲಿ ಕಸುಬಿತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ. ಕಾಯಿಲೆಯಿಂದ ಎಷ್ಟೋ ದಿನ ಕುಲುಮೆಗೆ ಹೋಗೋಕೇ ಆಗುತ್ತಿರಲಿಲ್ಲ. ಮನೇಲಿ ನಾಲ್ಕು ಮಕ್ಕಳು. 1801ರಲ್ಲಿ ಧಾನ್ಯದ ಬೆಲೆ ವಿಪರೀತ ಏರಿದಾಗ ಮೈಕೆಲ್ ಪಾಲಿಗೆ ಬರುತ್ತಿದ್ದದ್ದು ಒಂದು ಬ್ರೆಡ್ಡು, ಅದರಲ್ಲೇ ಒಂದು ವಾರ ಕಳೀಬೇಕು. ಸ್ಕೂಲಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೇ.

1804ರಲ್ಲಿ ಬ್ಲಾಂಡ್‌ಫರ್ಡ್ ಸ್ಟ್ರೀಟ್‌ನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಜಾರ್ಜ್ ರೀಬೋ ಅನ್ನುವವನ ಹತ್ತಿರ ಕೆಲಸಕ್ಕೆ ಸೇರಿದ. ಕೆಲಸ ಏನು ಅಂದರೆ ಪೇಪರ್ ಹಾಕೋದು. ಆಗ ಪೇಪರ್ ದುಬಾರಿ, ಬಾಡಿಗೆಗೆ ಕೊಡುತ್ತಿದ್ದರು. ಒಂದು ಮನೇಲಿ ಓದಿ ಮುಗಿಸೋ ತನಕ ಕಾದು, ಅದನ್ನೇ ತಗೊಂಡು ಇನ್ನೊಂದು ಮನೆಗೆ ಓಡಬೇಕು. ಒಂದು ವರ್ಷ ಹುಡುಗನ ಕೆಲಸ ನೋಡಿದ ರೀಬೋ, 1805ರ ಅಕ್ಟೋಬರ್‌ನಲ್ಲಿ ಅವನನ್ನ ಏಳು ವರ್ಷದ ಅಪ್ರೆಂಟಿಸ್ ಆಗಿ ತಗೊಂಡ. ಸಾಮಾನ್ಯವಾಗಿ ಇಂಥ ಕಸುಬು ಕಲಿಯೋಕೆ ಹುಡುಗನ ಮನೆಯವರೇ ಮಾಲೀಕನಿಗೆ ದುಡ್ಡು ಕೊಡಬೇಕಿತ್ತು. ರೀಬೋ ಒಂದು ಪೈಸೆನೂ ತಗೊಳ್ಳಲಿಲ್ಲ. ಹುಡುಗ ನಿಯತ್ತಿನಿಂದ ದುಡಿದಿದ್ದಾನೆ, ಅದೇ ಸಾಕು ಅಂತ ಕರಾರಿನಲ್ಲೇ ಬರೆಸಿದ.

ಹಾಳೆ ಮಡಚೋದು, ಹೊಲಿಯೋದು, ಅಂಟು ಹಾಕೋದು, ರಟ್ಟು ಕೂರಿಸೋದು, ಮೇಲೆ ಚರ್ಮ ಎಳೆದು ಕಟ್ಟೋದು. ಇದನ್ನ ಏಳು ವರ್ಷ ಮಾಡಿದ. ರೀಬೋ ಮಾಡಿದ ಎರಡನೇ ಉಪಕಾರ ಅಂದರೆ ಕಟ್ಟೋಕೆ ಬಂದ ಪುಸ್ತಕಗಳನ್ನ ಓದೋಕೆ ಬಿಟ್ಟದ್ದು. ಹಾಗೆ ಒಂದಿನ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಒಂದು ಸಂಪುಟ ಬಂತು. ಅದರಲ್ಲಿದ್ದ ವಿದ್ಯುತ್ತಿನ ಲೇಖನ ಓದಿದ. ಇನ್ನೊಂದು ದಿನ ಜೇನ್ ಮಾರ್ಸೆಟ್ ಅನ್ನೋ ಲೇಖಕಿ ಬರೆದ ಕೆಮಿಸ್ಟ್ರಿ ಪುಸ್ತಕ ಸಿಕ್ಕಿತು. ಒಬ್ಬ ಟೀಚರು, ಇಬ್ಬರು ಹುಡುಗಿಯರು ಮಾತಾಡಿಕೊಳ್ಳೋ ಹಾಗೆ ಬರೆದಿರೋ ಪುಸ್ತಕ ಅದು. ಹಂಫ್ರಿ ಡೇವಿ ಅನ್ನೋ ವಿಜ್ಞಾನಿಯ ಉಪನ್ಯಾಸ ಕೇಳಿ ಪ್ರೇರಣೆಗೊಂಡು ಆಕೆ ಬರೆದದ್ದು. ಡೇವಿಯ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಇಲ್ಲೊಂದು ವಿಷಯ ಗಮನಿಸಬೇಕು. ಪುಸ್ತಕದಲ್ಲಿದ್ದದ್ದನ್ನ ಅವನು ಸುಮ್ಮನೆ ನಂಬಲಿಲ್ಲ. ಕೈಯಲ್ಲಿ ಎಷ್ಟು ಪೆನ್ನಿ ಇದೆಯೋ ಅಷ್ಟರಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ಗಾಜಿನ ಜಾಡಿ ತಂದು, ಉಜ್ಜಿದರೆ ವಿದ್ಯುತ್ ಬರೋ ಒಂದು ಯಂತ್ರ ಮಾಡಿಕೊಂಡ. ಕಿಡಿ ಬಂದ ಮೇಲೇ ಲೇಖನ ನಿಜ ಅಂತ ಒಪ್ಪಿಕೊಂಡ. ಕಡೆಯವರೆಗೂ ಅವನ ಅಭ್ಯಾಸ ಇದೇ. ಬೇರೆಯವರು ಮಾಡಿದ ಪ್ರಯೋಗ ಓದಿದರೆ ತಾನೂ ಮಾಡಿ ನೋಡಬೇಕು. ನಾನು ನನ್ನ ಲ್ಯಾಬ್ ರೆಕಾರ್ಡಿನ ರೀಡಿಂಗುಗಳನ್ನ ಎಲ್ಲಿಂದ ತಂದೆ ಅಂತ ಇಲ್ಲಿ ಬರೆಯಲ್ಲ. ನಿಮಗೂ ಗೊತ್ತಿರುತ್ತೆ.

ಹತ್ತೊಂಬತ್ತಕ್ಕೆ ಬರೋಣ. 1810ರಲ್ಲಿ ಜಾನ್ ಟೇಟಮ್ ಅನ್ನುವವರು ಲಂಡನ್ನಿನ ಡಾರ್ಸೆಟ್ ಸ್ಟ್ರೀಟಿನ ತಮ್ಮ ಮನೇಲಿ ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದರು. ಪ್ರವೇಶ ಒಂದು ಶಿಲ್ಲಿಂಗ್. ಅಪ್ರೆಂಟಿಸ್ ಹುಡುಗನ ಹತ್ತಿರ ಎಲ್ಲಿ ಬರಬೇಕು ಶಿಲ್ಲಿಂಗು? ಕೊಟ್ಟದ್ದು ಅಣ್ಣ ರಾಬರ್ಟ್. ಅವನೂ ಅಪ್ಪನ ಹಾಗೆ ಕಮ್ಮಾರ. ಅದೇ ವರ್ಷ ಅಕ್ಟೋಬರ್ 30ಕ್ಕೆ ಅಪ್ಪ ತೀರಿಕೊಂಡರು. ಮೈಕೆಲ್‌ಗೆ ಆಗಷ್ಟೇ ಹತ್ತೊಂಬತ್ತು ತುಂಬಿತ್ತು. ಅದಾದ ಮೇಲೂ ಉಪನ್ಯಾಸಕ್ಕೆ ಹೋಗೋದು ನಿಲ್ಲಲಿಲ್ಲ. 1811ರ ಸೆಪ್ಟೆಂಬರ್ ತನಕ ಒಂದು ಡಜನ್‌ನಷ್ಟು ಉಪನ್ಯಾಸ ಕೇಳಿದ. ಮನೇಲಿ ಸಾವಾದ ವರ್ಷವೇ ಶಿಲ್ಲಿಂಗು ಎಣಿಸಿ ತಮ್ಮನ ಕೈಗಿಟ್ಟ ಆ ಅಣ್ಣನ ಹೆಸರು ಯಾವ ನಿಯಮದಲ್ಲೂ ಬರಲ್ಲ.

ಟೇಟಮ್ ಮನೆಯ ಗುಂಪಿನಲ್ಲಿ ಅವನಿಗೆ ಗೆಳೆಯರು ಸಿಕ್ಕಿದರು. ಒಬ್ಬ ಬೆಂಜಮಿನ್ ಅಬ್ಬಟ್, ಗುಮಾಸ್ತ. ಫ್ಯಾರಡೆ ಇವನಿಗೆ ಉದ್ದುದ್ದ ಪತ್ರ ಬರೀತಿದ್ದ, ವಿಜ್ಞಾನಕ್ಕೂ ಆಯ್ತು, ಬರವಣಿಗೆಗೂ ಆಯ್ತು ಅಂತ. ಇನ್ನೊಬ್ಬ ಎಡ್ವರ್ಡ್ ಮಗ್ರಾತ್. ಫ್ಯಾರಡೆಯ ಸ್ಪೆಲ್ಲಿಂಗು, ವ್ಯಾಕರಣ ಎರಡೂ ಕೆಟ್ಟದಾಗಿತ್ತು. ಮಗ್ರಾತ್ ವಾರಕ್ಕೆ ಎರಡು ಗಂಟೆಯ ಹಾಗೆ ವರ್ಷಗಟ್ಟಲೆ ಕೂತು ತಿದ್ದಿದ. ಇದನ್ನ ಓದಿ ನನಗೆ ಧೈರ್ಯ ಬಂತು. ಇಂಗ್ಲಿಷ್ ಮೀಡಿಯಮ್ಮಿನವನಾದ ನನ್ನ ಒತ್ತಕ್ಷರಗಳನ್ನ ಈ ಲೇಖನದಲ್ಲಿ ತಿದ್ದಿಕೊಟ್ಟದ್ದು ನಮ್ಮ ಸಂಘದ ಒಬ್ಬರು ಸೀನಿಯರ್ ಅಕ್ಕ.

ಈಗ ನೋಟ್ಸಿನ ವಿಷಯ. ಉಪನ್ಯಾಸ ನಡೆಯುವಾಗ ಮುಖ್ಯ ಅಂಶ ಗುರುತು ಹಾಕಿಕೊಳ್ಳೋದು, ಆಮೇಲೆ ಕೂತು ಪೂರ್ತಿ ವಿವರವಾಗಿ ಬರೆಯೋದು, ಉಪಕರಣಗಳ ಚಿತ್ರ ಬಿಡಿಸೋದು. ಚಿತ್ರ ಬಿಡಿಸೋಕೆ ಬರುತ್ತಿರಲಿಲ್ಲ. ರೀಬೋ ಮನೇಲಿ ಬಾಡಿಗೆಗಿದ್ದ ಮಾಸ್ಕೆರಿಯೆ ಅನ್ನೋ ಕಲಾವಿದನಿಂದ ಅದನ್ನೂ ಕಲಿತ. ಟೇಟಮ್ ಉಪನ್ಯಾಸಗಳದ್ದೇ ನಾಲ್ಕು ಸಂಪುಟ ಆಯ್ತು. ತಾನೇ ಹೊಲಿದು, ತಾನೇ ರಟ್ಟು ಕಟ್ಟಿ, ರೀಬೋಗೆ ಅರ್ಪಣೆ ಮಾಡಿದ. ಯಾವ ಪರೀಕ್ಷೆಯೂ ಇರಲಿಲ್ಲ, ಯಾರೂ ಮಾರ್ಕ್ಸ್ ಕೊಡುತ್ತಿರಲಿಲ್ಲ.

ರೀಬೋಗೆ ಹೆಮ್ಮೆ. ಅಂಗಡಿಗೆ ಬಂದ ಗಿರಾಕಿಗಳಿಗೆ ಆ ಸಂಪುಟ ತೋರಿಸಿದ. ಅದು ವಿಲಿಯಂ ಡಾನ್ಸ್ ಅನ್ನೋ ಸಂಗೀತಗಾರರ ಕೈಗೆ ತಲುಪಿತು. ಅವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರು. ಸಂಪುಟ ನೋಡಿ ಮೆಚ್ಚಿ ಹುಡುಗನಿಗೆ ಅಲ್ಲಿನ ಟಿಕೆಟ್ ಕೊಟ್ಟರು. ಮಾತಾಡುವವರು ಅದೇ ಹಂಫ್ರಿ ಡೇವಿ, ಆಗ ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ರಸಾಯನ ವಿಜ್ಞಾನಿ. 1812ರ ಫೆಬ್ರವರಿಯಿಂದ ಏಪ್ರಿಲ್ ನಡುವೆ ನಾಲ್ಕು ಉಪನ್ಯಾಸ. ಫ್ಯಾರಡೆ ಮೇಲಿನ ಗ್ಯಾಲರಿಯಲ್ಲಿ ಕೂತು ನಾಲ್ಕನ್ನೂ ಕೇಳಿದ, ಬರೆದ, ಚಿತ್ರ ಬಿಡಿಸಿದ, ರಟ್ಟು ಕಟ್ಟಿದ. ಮುನ್ನೂರಕ್ಕೂ ಹೆಚ್ಚು ಪುಟ.

ಆ ವರ್ಷವೇ ಮನೇಲಿ ಬ್ಯಾಟರಿನೂ ಮಾಡಿದ. ತಾಮ್ರಕ್ಕೆ ಅರ್ಧ ಪೆನ್ನಿ ನಾಣ್ಯ ಏಳು, ಜೊತೆಗೆ ಸತುವಿನ ಬಿಲ್ಲೆಗಳು, ಮಧ್ಯೆ ಉಪ್ಪುನೀರಲ್ಲಿ ನೆನೆಸಿದ ಕಾಗದ. ಖರ್ಚು ಮಾಡಬೇಕಿದ್ದ ಚಿಲ್ಲರೆಯನ್ನೇ ಜೋಡಿಸಿ ಕರೆಂಟ್ ಹರಿಸಿದ.

ಆದರೆ ಕೆಲಸ ಬೇಕಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ, ವಿಜ್ಞಾನದಲ್ಲಿ ಎಂಥ ಸಣ್ಣ ಕೆಲಸ ಆದರೂ ಸರಿ ಅಂತ ಪತ್ರ ಬರೆದ. ಉತ್ತರ ಬರಲಿಲ್ಲ. ಇಂಟರ್ನ್‌ಶಿಪ್ಪಿಗೆ ಮೇಲ್ ಹಾಕಿ ಕಾದವರಿಗೆ ಇದು ಅರ್ಥ ಆಗುತ್ತೆ. 1812ರ ಅಕ್ಟೋಬರಿಗೆ ಅಪ್ರೆಂಟಿಸ್ ಅವಧಿ ಮುಗಿದು, ಡೆ ಲಾ ರೋಶ್ ಅನ್ನೋ ಇನ್ನೊಬ್ಬ ಬೈಂಡರ್ ಹತ್ತಿರ ಸೇರಿದ. ಆತ ಮಹಾ ಮುಂಗೋಪಿ. ಏಳು ವರ್ಷ ರೀಬೋ ಹತ್ತಿರ ಇದ್ದವನಿಗೆ ಅಲ್ಲಿ ಉಸಿರು ಕಟ್ಟಿತು.

ಆ ಹೊತ್ತಿಗೆ ಡೇವಿಯ ಲ್ಯಾಬಿನಲ್ಲಿ ನೈಟ್ರೋಜನ್ ಟ್ರೈಕ್ಲೋರೈಡ್ ಸ್ಫೋಟಗೊಂಡು ಅವರ ಕಣ್ಣಿಗೆ ಪೆಟ್ಟಾಯ್ತು. ಬರೆದುಕೊಳ್ಳೋಕೆ ಒಬ್ಬರು ಬೇಕಾಯ್ತು. ಫ್ಯಾರಡೆಗೆ ಕೆಲವೇ ದಿನ ಆ ಕೆಲಸ ಸಿಕ್ಕಿತು. ಅದು ಮುಗಿದ ಮೇಲೆ ಡಿಸೆಂಬರಿನಲ್ಲಿ, ತಾನು ಕಟ್ಟಿದ ಆ ಮುನ್ನೂರು ಪುಟದ ಪುಸ್ತಕವನ್ನ ಡೇವಿಗೇ ಕಳಿಸಿಕೊಟ್ಟ. ಯೋಚನೆ ಮಾಡಿ, ನಿಮ್ಮ ಮಾತನ್ನ ಒಬ್ಬ ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡು ಚರ್ಮದ ರಟ್ಟು ಹಾಕಿ ನಿಮಗೇ ಕೊಟ್ಟರೆ ಹೇಗಿರುತ್ತೆ! ಡೇವಿ ಕರೆಸಿ ಮಾತಾಡಿದರು. ಆದರೂ ಕೆಲಸ ಖಾಲಿ ಇರಲಿಲ್ಲ. ವಿಜ್ಞಾನದಲ್ಲಿ ದುಡ್ಡಿಲ್ಲ, ಬೈಂಡಿಂಗನ್ನೇ ನೆಚ್ಚಿಕೋ ಅಂತ ಬುದ್ಧಿ ಹೇಳಿ ಕಳಿಸಿದರು.

1813ರ ಫೆಬ್ರವರಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಹಾಯಕನೊಬ್ಬ ಅಲ್ಲಿನ ಉಪಕರಣ ತಯಾರಕನ ಜೊತೆ ಹೊಡೆದಾಡಿ ಕೆಲಸ ಕಳಕೊಂಡ. ಡೇವಿಗೆ ಬೈಂಡಿಂಗ್ ಹುಡುಗ ನೆನಪಾದ. ಮಾರ್ಚ್ 1ಕ್ಕೆ ಫ್ಯಾರಡೆ ಕೆಲಸಕ್ಕೆ ಸೇರಿದ. ವಾರಕ್ಕೆ 25 ಶಿಲ್ಲಿಂಗ್, ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಲೆಗೆ ಕಲ್ಲಿದ್ದಲು, ಬೆಳಕಿಗೆ ಮೇಣದಬತ್ತಿ.

ಇದನ್ನ ಅದೃಷ್ಟ ಅನ್ನಬಹುದು. ಒಂದು ಸ್ಫೋಟ, ಒಂದು ಜಗಳ, ಇವೆರಡೂ ಅವನ ಕೈಯಲ್ಲಿ ಇರಲಿಲ್ಲ. ಕಷ್ಟಪಟ್ಟರೆ ಎಲ್ಲರಿಗೂ ಸಿಗುತ್ತೆ ಅಂತ ಹೇಳೋಕೆ ನನಗೆ ಮನಸ್ಸು ಬರ್ತಿಲ್ಲ. ಲಂಡನ್ನಿನಲ್ಲಿ ಎಷ್ಟು ಅಪ್ರೆಂಟಿಸ್ ಹುಡುಗರಿಗೆ ರೀಬೋ ಸಿಗಲಿಲ್ಲವೋ! ಆದರೆ ಡೇವಿಗೆ ಆ ಹುಡುಗ ನೆನಪಾಗೋಕೆ ಒಂದು ಪುಸ್ತಕ ಬೇಕಿತ್ತು, ಅದು ಆಗಲೇ ತಯಾರಾಗಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಸಿನಿಮಾ ಥರ ಇರುತ್ತಿತ್ತು. 1813ರ ಅಕ್ಟೋಬರಿನಲ್ಲಿ ಡೇವಿ ಹೆಂಡತಿ ಜೊತೆ ಯೂರೋಪ್ ಪ್ರವಾಸ ಹೊರಟರು. ಆಗ ಬ್ರಿಟನ್, ಫ್ರಾನ್ಸ್ ಮಧ್ಯೆ ಯುದ್ಧ. ಡೇವಿಗೆ ನೆಪೋಲಿಯನ್ ವಿಶೇಷ ಪಾಸ್‌ಪೋರ್ಟ್ ಕೊಟ್ಟಿದ್ದ. ಹೊರಡೋ ಹೊತ್ತಿಗೆ ಡೇವಿಯ ಖಾಸಗಿ ಆಳು ಬರಲ್ಲ ಅಂದುಬಿಟ್ಟ. ಪ್ಯಾರಿಸ್ ತನಕ ಆ ಕೆಲಸವನ್ನೂ ನೀನೇ ನೋಡಿಕೋ ಅಂತ ಫ್ಯಾರಡೆಗೆ ಬಂತು. ಪ್ಯಾರಿಸ್ಸಲ್ಲೂ ಬೇರೆ ಆಳು ಸಿಗಲಿಲ್ಲ. ಒಂದೂವರೆ ವರ್ಷ ಅವನೇ ಸಹಾಯಕ, ಅವನೇ ಆಳು. ಲೇಡಿ ಡೇವಿಯಂತೂ ಅವನನ್ನ ಆಳಿನ ಹಾಗೇ ನಡೆಸಿಕೊಂಡರು. ಬಿಟ್ಟು ವಾಪಸ್ ಹೋಗಿಬಿಡೋಣ ಅಂತ ಯೋಚಿಸಿದ್ದನ್ನ ಅಬ್ಬಟ್‌ಗೆ ಬರೆದುಕೊಂಡ.

ಆದರೂ ಹೋಗಲಿಲ್ಲ, ಯಾಕೆಂದರೆ ಕಣ್ಣ ಮುಂದೆ ಇದ್ದದ್ದು ಸಾಮಾನ್ಯ ವಿಷಯ ಅಲ್ಲ. ಪ್ಯಾರಿಸ್ಸಲ್ಲಿ ಆಂಪಿಯರ್ ಮತ್ತಿತರರು ಕಡಲಪಾಚಿಯ ಬೂದಿಯಿಂದ ತೆಗೆದ ಒಂದು ಹೊಸ ವಸ್ತು ತಂದುಕೊಟ್ಟರು. ಡೇವಿ ಜೊತೆಗೆ ತಂದಿದ್ದ ಪುಟ್ಟ ಪ್ರಯೋಗದ ಪೆಟ್ಟಿಗೆಯಲ್ಲೇ ಅದನ್ನ ಪರೀಕ್ಷಿಸಿ, ಹೊಸ ಮೂಲವಸ್ತು ಅಂದರು. ಅದು ಅಯೋಡಿನ್. 1814ರ ಮಾರ್ಚಿನಲ್ಲಿ ಫ್ಲಾರೆನ್ಸಿನಲ್ಲಿ, ದೊಡ್ಡ ಮಸೂರದಿಂದ ಬಿಸಿಲನ್ನ ಹಾಯಿಸಿ ವಜ್ರವನ್ನೇ ಸುಟ್ಟರು. ಬಂದದ್ದು ಕಾರ್ಬನ್ ಡೈಆಕ್ಸೈಡ್, ಅಂದರೆ ವಜ್ರವೂ ಇದ್ದಿಲೂ ಒಂದೇ. ಮಿಲಾನಿನಲ್ಲಿ ಮುದುಕ ವೋಲ್ಟಾ ಸಿಕ್ಕಿದರು. ಈ ಹೆಸರುಗಳಲ್ಲಿ ಎರಡು ನಮಗೆ ದಿನಾ ಬೇಕಾದ ಯೂನಿಟ್ಟು! ಮೂರನೇ ಯೂನಿಟ್ಟು, ಫ್ಯಾರಡ್, ಅವರ ಹಿಂದೆ ಪೆಟ್ಟಿಗೆ ನೋಡಿಕೊಂಡು ನಿಂತಿತ್ತು. ಫ್ರೆಂಚು, ಇಟಾಲಿಯನ್ನು ಕಲಿತುಕೊಂಡು, 1815ರ ಏಪ್ರಿಲಿನಲ್ಲಿ ಊರಿಗೆ ಬಂದ. ಮತ್ತೆ ಅದೇ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ, ಈ ಸಲ ಸಂಬಳ ಸ್ವಲ್ಪ ಜಾಸ್ತಿ. ಮರುವರ್ಷ ಅವನ ಮೊದಲ ಸಂಶೋಧನಾ ಲೇಖನ ಅಚ್ಚಾಯ್ತು.

ಆಮೇಲಿನದ್ದು ಸಿಲಬಸ್ಸಿನಲ್ಲಿದೆ, ಬೇಗ ಹೇಳ್ತೀನಿ. 1821ರಲ್ಲಿ ಕರೆಂಟ್ ಹರಿಯೋ ತಂತಿ ಅಯಸ್ಕಾಂತದ ಸುತ್ತ ತಿರುಗೋ ಹಾಗೆ ಮಾಡಿದ, ಮೋಟರಿನ ಮೂಲ ಅದು. 1824ರಲ್ಲಿ ರಾಯಲ್ ಸೊಸೈಟಿಗೆ ಅವನ ಹೆಸರು ಬಂದಾಗ ವಿರೋಧಿಸಿದವರು ಅದೇ ಡೇವಿ, ಆದರೂ ಆಯ್ಕೆಯಾದ. 1831ರ ಆಗಸ್ಟ್ 29ರಂದು ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ಸುತ್ತಿ, ಒಂದರಲ್ಲಿ ಕರೆಂಟ್ ಕೊಟ್ಟಾಗ, ತೆಗೆದಾಗ ಇನ್ನೊಂದರ ಮುಳ್ಳು ಅಲುಗಾಡಿದ್ದನ್ನ ಕಂಡ. ಆಗ ಇನ್ಸುಲೇಟ್ ಮಾಡಿದ ತಂತಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸುತ್ತುಗಳ ಮಧ್ಯೆ ದಾರ, ಪದರಗಳ ಮಧ್ಯೆ ಹತ್ತಿ ಬಟ್ಟೆ ಇಟ್ಟು ಸುತ್ತಿದ್ದ. ಬಟ್ಟೆ, ದಾರ ಅಂದ ಕೂಡಲೇ ನನಗೆ ಬ್ಲಾಂಡ್‌ಫರ್ಡ್ ಸ್ಟ್ರೀಟಿನ ಅಂಗಡಿ ನೆನಪಾಯ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟೂ ಹುಟ್ಟಿದ್ದು ಆ ಉಂಗುರದ ತತ್ವದಿಂದಲೇ.

ಗಣಿತ ಅವನಿಗೆ ಕಡೆಗೂ ಬರಲಿಲ್ಲ. ಅವನ ಕಲ್ಪನೆಗಳಿಗೆ ಸಮೀಕರಣ ಬರೆದವರು ಮ್ಯಾಕ್ಸ್‌ವೆಲ್. ಅವನಿಗೆ ಇದ್ದದ್ದು ಅಂಗಡಿಯಲ್ಲಿ ಕಲಿತ ಅಭ್ಯಾಸ. ಪ್ರಯೋಗದ ದಿನಚರಿಯಲ್ಲಿ ಪ್ರತಿ ಪ್ಯಾರಾಕ್ಕೂ ನಂಬರ್ ಹಾಕುತ್ತಾ 16041ರ ತನಕ ಹೋದ. 1825ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ಶುರುವಾಯ್ತು. ಅದರಲ್ಲಿ 19 ವರ್ಷದ ಸರಣಿಗಳನ್ನ ಅವನೇ ಕೊಟ್ಟ. ತನಗೆ ಬಂದ ಟಿಕೆಟ್ಟಿನ ಸಾಲ ತೀರಿಸಿದ ಅಂತ ನಾನು ಅಂದ್ಕೊಳ್ತೀನಿ. 1867ರ ಆಗಸ್ಟ್ 25ಕ್ಕೆ ತೀರಿಕೊಂಡ.

ಹದಿನಾಲ್ಕರಿಂದ ಇಪ್ಪತ್ನಾಲ್ಕು ಅನ್ನೋ ಲೆಕ್ಕದಲ್ಲಿ ನನ್ನದು ಅರ್ಧ ಮುಗಿದಿದೆ. ಆ ಅರ್ಧ ಟ್ಯೂಷನ್, ಸಿಇಟಿ ರ‍್ಯಾಂಕು, ಇಂಟರ್ನಲ್ಸಲ್ಲಿ ಹೋಯ್ತು. ಇನ್ನರ್ಧದಲ್ಲಿ ನಾನು ಫ್ಯಾರಡೆ ಆಗ್ತೀನಿ ಅಂತೇನೂ ಇಲ್ಲ. ಆದರೆ ಈ ಕಥೆ ಓದಿದಾಗಿಂದ ಒಂದು ವಿಷಯ ಚುಚ್ಚುತ್ತಿದೆ. ಕಾಲೇಜ್ ಗೇಟಿನ ಎದುರು ಇರೋ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕೋ ಒಬ್ಬ ಹುಡುಗ ಇದ್ದಾನೆ, ನಮಗಿಂತ ಚಿಕ್ಕವನು. ಹೋದ ಇಂಟರ್ನಲ್ಸ್ ಹಿಂದಿನ ದಿನ ಸೀನಿಯರ್ ನೋಟ್ಸ್ ಜೆರಾಕ್ಸ್ ಮಾಡಿಸೋಕೆ ಹೋಗಿದ್ದೆ. ಅವನು ತೂತು ಹೊಡೆಯೋದು ನಿಲ್ಲಿಸಿ ಒಂದು ಪುಟವನ್ನೇ ನೋಡುತ್ತಾ ನಿಂತಿದ್ದ. ಬಸ್ಸಿಗೆ ಹೊತ್ತಾಯ್ತು, ಬೇಗ ಕೊಡಪ್ಪಾ ಅಂದಿದ್ದೆ. ಅವನು ಗಡಿಬಿಡಿಯಲ್ಲಿ ಸ್ಪೈರಲ್ ಹಾಕಿ ಕೊಟ್ಟ.

ಮುಂದಿನ ಸಲ ಹೋದಾಗ, ಯಾವ ಪುಟ ನೋಡ್ತಿದ್ದೆ ಅಂತ ಕೇಳಬೇಕು.