ಹಲ್ಲಿನ ಪಾಚಿಯಲ್ಲಿ ಜೀವಿಗಳನ್ನು ಕಂಡ ಬಟ್ಟೆ ವ್ಯಾಪಾರಿ

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಇದು ನಿಜವೇ? ಉತ್ತರಕ್ಕಾಗಿ ಮುನ್ನೂರು ವರ್ಷಗಳಿಗೂ ಹಿಂದಿನ ಹಾಲೆಂಡಿಗೆ ಹೋಗೋಣ.

ಆಂಟನಿ ವಾನ್ ಲ್ಯೂವೆನ್‌ಹುಕ್ 1632ರಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಬುಟ್ಟಿ ಹೆಣೆಯುತ್ತಿದ್ದರು. ಮಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಆಗಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಕೂಡ ಅವರಿಗೆ ಬರುತ್ತಿರಲಿಲ್ಲ. ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಅವರು ಪುಟ್ಟ ಮಸೂರಗಳನ್ನು ಸ್ವತಃ ತಯಾರಿಸಿದರು. ಅವರ ಸೂಕ್ಷ್ಮದರ್ಶಕಗಳಲ್ಲಿ ಇಂದಿಗೂ ಉಳಿದಿರುವ ಒಂದು, ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

1680ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1683ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆಗೆ ಒಂದು ಪತ್ರ ಬರೆದರು. ದಿನವೂ ಉಪ್ಪಿನಿಂದ ಹಲ್ಲುಜ್ಜಿದರೂ ಸಂದಿಯಲ್ಲಿ ಬಿಳಿ ಪಾಚಿ ಉಳಿಯುತ್ತಿತ್ತು. ಅದನ್ನು ಕೆರೆದು ನೋಡಿದಾಗ ಅಸಂಖ್ಯ ಪುಟಾಣಿ ಜೀವಿಗಳು ಓಡಾಡುತ್ತಿದ್ದವು. ಎಂದೂ ಹಲ್ಲುಜ್ಜದ ಮುದುಕರೊಬ್ಬರ ಬಾಯಿಯನ್ನೂ ಪರೀಕ್ಷಿಸಿದರು. ವಿನೆಗರಿನಿಂದ ಬಾಯಿ ಮುಕ್ಕಳಿಸಿದರೂ ಪಾಚಿಯೊಳಗಿನ ಜೀವಿಗಳು ಸಾಯಲಿಲ್ಲ. ಹೊರಗೆ ತೆಗೆದ ಪಾಚಿಗೆ ವಿನೆಗರ್ ಬೆರೆಸಿದಾಗ ಮಾತ್ರ ಸತ್ತವು.

ಈ ಜೀವಿಗಳೇ ವಸಡಿನ ರೋಗಕ್ಕೆ ಮೂಲ ಎಂಬುದು ಅವರಿಗೆ ತಿಳಿದಿರಲಿಲ್ಲ. ಆದರೆ ಬರೀ ಬಾಯಿ ಮುಕ್ಕಳಿಸಿದರೆ ಏಕೆ ಸಾಲದು ಎಂಬುದಕ್ಕೆ ಉತ್ತರ ಅವರ ಪ್ರಯೋಗದಲ್ಲೇ ಇದೆ: ಪಾಚಿಯ ಪದರ ಬ್ಯಾಕ್ಟೀರಿಯಾಗಳನ್ನು ಕಾಪಾಡುತ್ತದೆ. ಅದನ್ನು ಕೆರೆದೇ ತೆಗೆಯಬೇಕು.

ದಂತವೈದ್ಯರು ಇಂದು ಶಸ್ತ್ರಚಿಕಿತ್ಸೆಯಿಲ್ಲದೆ ಮಾಡುವುದೂ ಇದನ್ನೇ. ಪಾಚಿ ವಸಡಿನಡಿ ಸೇರಿದಾಗ ದೇಹದ ರಕ್ಷಣಾ ಕಣಗಳು ಎಂಎಂಪಿ-8 ಎಂಬ ಕಿಣ್ವವನ್ನು ಸುರಿಸುತ್ತವೆ. ಅದು ಹಲ್ಲನ್ನು ಹಿಡಿದಿಟ್ಟ ಕೊಲಾಜೆನ್ ನಾರುಗಳನ್ನೇ ಕತ್ತರಿಸುತ್ತದೆ. ಎಂಜಲಿನಲ್ಲಿ ಮತ್ತು ವಸಡಿನ ಸಂದಿಯ ದ್ರವದಲ್ಲಿ ಇದನ್ನು ಅಳೆಯಬಹುದು. ಹಲ್ಲಿನ ಬೇರಿನವರೆಗೆ ಸ್ವಚ್ಛಗೊಳಿಸಿದ ಮೇಲೆ ಸಾಮಾನ್ಯವಾಗಿ ಇದರ ಪ್ರಮಾಣ ಇಳಿಯುತ್ತದೆ, ರಕ್ತ ಬರುವುದೂ ಕಡಿಮೆಯಾಗುತ್ತದೆ. ಧೂಮಪಾನಿಗಳಲ್ಲಿ ಮಾತ್ರ ಈ ಚಿಕಿತ್ಸೆಯ ಫಲ ಕಡಿಮೆ.

ಹಾಗಾದರೆ ಹಲ್ಲು ಅಲುಗಾಡಿದಂತೆ ಅನಿಸುವುದೇಕೆ? ರೋಗ ಆಗಲೇ ಮೂಳೆಯನ್ನು ಕರಗಿಸಿರುತ್ತದೆ. ಗಟ್ಟಿಯಾದ ಪಾಚಿ ಮತ್ತು ವಸಡಿನ ಊತ ಅದನ್ನು ಮರೆಮಾಚಿರುತ್ತವೆ. ಅವು ಹೋದಾಗ ಮೊದಲೇ ಇದ್ದ ಸಡಿಲ ಗೊತ್ತಾಗುತ್ತದೆ. ಹೆದರಿ ಮುಂದೂಡಿದಷ್ಟೂ ಮೂಳೆ ಇನ್ನಷ್ಟು ಕರಗುತ್ತದೆ. ಕರಗಿದ ಮೂಳೆ ತಾನಾಗಿ ಮೊದಲಿನಂತಾಗುವುದಿಲ್ಲ.

ಲ್ಯೂವೆನ್‌ಹುಕ್ 1723ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಂಡ ಜೀವಿಗಳು ನಮ್ಮೆಲ್ಲರ ಬಾಯಲ್ಲೂ ಇವೆ. ಹಲ್ಲುಜ್ಜುವಾಗ ವಸಡಿನಲ್ಲಿ ಮತ್ತೆ ಮತ್ತೆ ರಕ್ತ ಕಂಡರೆ, ಹಲ್ಲು ಅಲುಗಾಡುವವರೆಗೆ ಕಾಯದೆ ದಂತವೈದ್ಯರಿಗೆ ತೋರಿಸೋಣ.